ಕರ್ತನ ಕಾವಲಿನ ಊರಲ್ಲಿ ಐದು ದಿನ

ಮೊದಲ ದಿನ, ಗುರುವಾರ

ಡ್ರೆಸ್ಡೆನ್ ಬಿಟ್ಟ ರೈಲು ಪೂರ್ವದ ಕಡೆ ಓಡುತ್ತಿತ್ತು. ಕಿಟಕಿಯಾಚೆ ಗೋಧಿ ಹೊಲಗಳು. ಕೆಲವು ಕಡೆ ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದಿತ್ತು. ಒಂದು ಗಂಟೆಗೂ ಹೆಚ್ಚು ಹೊತ್ತಿನ ಮೇಲೆ ಲ್ಯೋಬೌ ಎಂಬ ಊರಲ್ಲಿ ಇಳಿದು ಬಸ್ಸು ಹತ್ತಿದೆ. ನಾನು ಹೋಗಬೇಕಾಗಿದ್ದ ಹೆರ್ನ್‌ಹುಟ್‌ಗೆ ಈಗ ರೈಲಿಲ್ಲ. ಜರ್ಮನಿಯ ಪೂರ್ವ ಅಂಚಿನ ಸಣ್ಣ ಊರು ಅದು. ಪೋಲೆಂಡ್ ಗಡಿಯೂ ಹತ್ತಿರ, ಚೆಕ್ ಗಡಿಯೂ ಹತ್ತಿರ.

ಬಸ್ಸಲ್ಲಿ ಒಬ್ಬಳೇ ಕೂತಿದ್ದೆ. ತಮ್ಮ ಡ್ರೆಸ್ಡೆನ್‌ನಲ್ಲಿ ಕೆಲಸ ಮಾಡುತ್ತಾನೆ. ಟಿಕೆಟ್ ಕಳಿಸಿ ಕರೆಸಿಕೊಂಡವನು ಅವನೇ. "ಶನಿವಾರ ಬರ್ತೀನಿ ಅಕ್ಕ, ಅಲ್ಲೀವರೆಗೂ ನೀನು ಇರು" ಎಂದಿದ್ದ. ನನಗೂ ಒಂಟಿಯಾಗಿ ಇರುವುದೇ ಬೇಕಾಗಿತ್ತು. ಕಾರಣ ಆಮೇಲೆ ಹೇಳುತ್ತೇನೆ.

ನಾನು ಮೈಸೂರಿನವಳು. ನಮ್ಮದು ವೆಸ್ಲಿ ಮಿಷನ್ನಿನ ಕಾಲದಿಂದ ಬಂದ ಕ್ರೈಸ್ತ ಮನೆತನ. ಹದಿನೈದು ವರ್ಷದಿಂದ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ, ಕ್ವಾಯರ್‌ನಲ್ಲಿ ಹಾಡುತ್ತೇನೆ. ಆದರೆ ಎರಡು ವರ್ಷದಿಂದ ಒಳಗೆ ಏನೋ ಒಣಗಿಹೋಗಿತ್ತು. ಬಾಯಿ ಹಾಡುತ್ತಿತ್ತು, ಮನಸ್ಸು ಎಲ್ಲೋ ಇರುತ್ತಿತ್ತು. ಮೊಣಕಾಲೂರಿದರೆ ಎರಡು ನಿಮಿಷಕ್ಕೆ ಮಾತು ಮುಗಿಯುತ್ತಿತ್ತು. ಆರಾಧನೆಯಲ್ಲಿ ಯೇಸುವಿನ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿ ಕೈಗೆ ಬಂದಾಗಲೂ ಏನೂ ಅನ್ನಿಸುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಮಕ್ಕಳಿಗೆ ಪಾಠ ಹೇಳುವ ಟೀಚರ್ ಹೀಗೆ ಅಂತ ಯಾರಿಗೆ ಹೇಳುವುದು?

ಆಗ ನೆನಪಾಗುತ್ತಿದ್ದುದು ನಮ್ಮ ಅಜ್ಜಿ, ಅಪ್ಪನ ತಾಯಿ. ಬೆಳಗಿನ ನಾಲ್ಕೂವರೆಗೆ ಏಳುತ್ತಿದ್ದರು. ಚಾಪೆ ಹಾಸಿ, ಸೆರಗು ತಲೆಗೆ ಹೊದ್ದು, "ಅಪ್ಪಾ" ಅಂತ ಶುರು ಮಾಡುತ್ತಿದ್ದರು. ಪಕ್ಕದಲ್ಲಿ ಯಾರೋ ಕೂತಿದ್ದಾರೆ ಅನ್ನೋ ಹಾಗೆ ಮಾತು. ಮನೆಯವರು, ಬೀದಿಯವರು, ಸಭೆಯವರು, ಎಲ್ಲರ ಹೆಸರನ್ನೂ ಹಿಡಿದು ಒಬ್ಬೊಬ್ಬರನ್ನೇ ದೇವರ ಮುಂದೆ ನಿಲ್ಲಿಸುತ್ತಿದ್ದರು. ಅದಾದ ಮೇಲೆ ಒಲೆ. ರಾತ್ರಿ ಬೂದಿ ಮುಚ್ಚಿಟ್ಟಿದ್ದ ಕೆಂಡವನ್ನು ಕೆದಕಿ, ಎರಡು ಸೌದೆ ಚೂರಿಟ್ಟು, ಊದುಗೊಳವೆಯಲ್ಲಿ ಊದಿದರೆ ಉರಿ ಏಳುತ್ತಿತ್ತು. ಬೆಂಕಿಪೊಟ್ಟಣ ಮುಟ್ಟುತ್ತಿದ್ದುದೇ ಅಪರೂಪ.

ಊರು ತಲುಪಿದಾಗ ಸಂಜೆ ಐದು. ಅಗಲವಾದ ಬೀದಿ, ಕೆಂಪು ಹೆಂಚಿನ ಇಳಿಜಾರು ಮಾಡು, ಬಿಳಿ ಹಳದಿ ಗೋಡೆಗಳು. ಹೆಚ್ಚು ಜನರಿಲ್ಲ. ಹೆರ್ನ್‌ಹುಟ್ ಅಂದರೆ ಕರ್ತನ ಕಾವಲು. ಗೆಸ್ಟ್ ಹೌಸಿನ ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ರಾತ್ರಿ ಒಂಬತ್ತಕ್ಕೆ ಹತ್ತಿರವಾದರೂ ಬೆಳಕು ಪೂರ್ತಿ ಹೋಗಿರಲಿಲ್ಲ. ಅವತ್ತೂ ಪ್ರಾರ್ಥನೆ ಎರಡು ನಿಮಿಷಕ್ಕೇ ಮುಗಿಯಿತು.

ಎರಡನೇ ದಿನ, ಶುಕ್ರವಾರ

ಆಗಸ್ಟ್ 1. ಜಾನ್ ವೆಸ್ಲಿ ಈ ಊರಿಗೆ ಬಂದದ್ದೂ ಇದೇ ದಿನ, 1738ರಲ್ಲಿ. ಇದನ್ನು ಲೆಕ್ಕ ಹಾಕಿಯೇ ನಾನು ದಿನ ಗೊತ್ತು ಮಾಡಿದ್ದೆ.

ವೆಸ್ಲಿಯ ಕಥೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಆತ ಇಂಗ್ಲೆಂಡಿನ ಪಾದ್ರಿ. ಕಟ್ಟುನಿಟ್ಟಿನ ಮನುಷ್ಯ. ಉಪವಾಸ, ಪ್ರಾರ್ಥನೆ, ದಾನ, ಯಾವುದರಲ್ಲೂ ಕೊರತೆ ಇರಲಿಲ್ಲ. 1736ರ ಜನವರಿಯಲ್ಲಿ ಅಮೆರಿಕದ ಕಡೆ ಹಡಗಲ್ಲಿ ಹೋಗುವಾಗ ದೊಡ್ಡ ಬಿರುಗಾಳಿ ಎದ್ದಿತು. ಹಾಯಿ ಹರಿದು ನೀರು ಒಳಕ್ಕೆ ನುಗ್ಗಿತು. ಇಂಗ್ಲಿಷರು ಕಿರುಚಾಡುತ್ತಿದ್ದರು. ಅದೇ ಹಡಗಿನಲ್ಲಿದ್ದ ಮೊರಾವಿಯದ (ಈಗಿನ ಚೆಕ್ ದೇಶದ ಒಂದು ಭಾಗ) ಕ್ರೈಸ್ತರು, ಹೆಂಗಸರು ಮಕ್ಕಳು ಸಮೇತ, ಹಾಡು ನಿಲ್ಲಿಸಲಿಲ್ಲ. ಭಯ ಆಗಲಿಲ್ಲವೇ ಎಂದು ವೆಸ್ಲಿ ಆಮೇಲೆ ಕೇಳಿದ. ದೇವರ ದಯೆಯಿಂದ ಇಲ್ಲ ಎಂದರು. ತನ್ನ ಬಳಿ ಇಲ್ಲದ ಏನೋ ಒಂದು ಇವರಲ್ಲಿದೆ ಅಂತ ಅವನಿಗೆ ಅವತ್ತೇ ಗೊತ್ತಾಯಿತು. 1738ರ ಮೇ 24ರ ರಾತ್ರಿ, ಒಂಬತ್ತಕ್ಕೆ ಕಾಲು ಗಂಟೆ ಇದ್ದಾಗ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ ಅವನ ಎದೆ ಬೆಚ್ಚಗಾಯಿತು. ಆ ಬಿಸಿ ಎಲ್ಲಿಂದ ಬಂತು ಅಂತ ನೋಡಲು ಆತ ಆ ಮೊರಾವಿಯದವರ ಈ ಊರಿಗೆ ಬಂದ. ಎರಡು ವಾರದ ಹತ್ತಿರ ಇದ್ದ.

ಆಮೇಲೆ ವೆಸ್ಲಿಯ ಹಿಂಬಾಲಕರು ಬೆಂಗಳೂರಿಗೂ ಮೈಸೂರಿಗೂ ಬಂದರು. ಕನ್ನಡ ಕಲಿತರು, ಮೈಸೂರಲ್ಲಿ ಅಚ್ಚುಕೂಟ ಇಟ್ಟರು, 1887ರಲ್ಲಿ ವೃತ್ತಾಂತ ಪತ್ರಿಕೆ ಶುರು ಮಾಡಿದರು. ಅವರ ಸಭೆಯಲ್ಲೇ ನಮ್ಮ ಅಜ್ಜಿ ಪ್ರಾರ್ಥನೆ ಕಲಿತದ್ದು. ಅಂದರೆ ಅಜ್ಜಿಯ ಚಾಪೆಯಿಂದ ದಾರಿ ಹಿಡಿದು ಹಿಂದಕ್ಕೆ ನಡೆದರೆ ಈ ಊರು ಸಿಗುತ್ತದೆ. ನಾನು ಬಂದದ್ದು ಅದಕ್ಕೇ.

ಬೆಳಿಗ್ಗೆ ಗುಡ್ಡದ ಕಡೆ ನಡೆದೆ. ಆ ಗುಡ್ಡದ ಹೆಸರು ಹುಟ್‌ಬರ್ಗ್. ಅದರ ಇಳಿಜಾರಲ್ಲಿ ಈ ಮೊರಾವಿಯನ್ ಸಭೆಯವರ ಸಮಾಧಿ ಭೂಮಿ. ಅದನ್ನು ದೇವರ ಹೊಲ ಅಂತ ಕರೆಯುತ್ತಾರೆ. ಬಾಗಿಲ ಮೇಲೆ ಕ್ರಿಸ್ತನು ಸತ್ತವರೊಳಗಿಂದ ಎದ್ದಿದ್ದಾನೆ ಎಂದು ಬರೆದಿದೆ. ಒಳಗೆ ಸಾಲು ಸಾಲು ಲಿಂಡೆನ್ ಮರ. ಕಲ್ಲುಗಳೆಲ್ಲ ನೆಲಕ್ಕೆ ಒರಗಿಸಿದ ಹಾಗೆ ಮಲಗಿವೆ. ಬಡವ ಸಾಹುಕಾರ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಥರದ ಕಲ್ಲು. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಬದುಕಿದ್ದಾಗ ಆರಾಧನೆಯಲ್ಲಿ ಕೂರುತ್ತಿದ್ದ ಹಾಗೆಯೇ. ಜಿನ್ಜೆಂಡಾರ್ಫ್ ಪ್ರಭು ಮತ್ತು ಅವರ ಮನೆಯವರ ಸಮಾಧಿ ಮಾತ್ರ ನಡುವೆ ಸ್ವಲ್ಪ ಎತ್ತರದಲ್ಲಿದೆ.

ಈ ಪ್ರಭುವಿನ ಕಥೆ ಹೇಳಲೇಬೇಕು. 1722ರಲ್ಲಿ ಮೊರಾವಿಯದಿಂದ ನಂಬಿಕೆಗಾಗಿ ಮನೆಮಠ ಬಿಟ್ಟು ಕೆಲವರು ಓಡಿ ಬಂದರು. ಜಿನ್ಜೆಂಡಾರ್ಫ್ ತನ್ನ ಜಮೀನಲ್ಲಿ ಅವರಿಗೆ ಜಾಗ ಕೊಟ್ಟ. ಜೂನ್ 17ರಂದು ಕ್ರಿಶ್ಚಿಯನ್ ಡೇವಿಡ್ ಎಂಬ ಬಡಗಿ ಮೊದಲ ಮರ ಕಡಿದ. ಊರು ಬೆಳೆಯಿತು. ಐದು ವರ್ಷದಲ್ಲಿ ಸುಮಾರು 300 ಜನ. ಎಲ್ಲರೂ ಒಂದೇ ಕಡೆಯವರಲ್ಲ. ಒಬ್ಬೊಬ್ಬರದು ಒಂದೊಂದು ಪಂಗಡ, ಒಂದೊಂದು ಪದ್ಧತಿ. ಜಗಳ ಎಷ್ಟಾಯಿತು ಅಂದರೆ, ನಂಬಿಕೆಗಾಗಿ ಎಲ್ಲ ಬಿಟ್ಟು ಬಂದವರೇ ಒಬ್ಬರ ಮುಖ ಒಬ್ಬರು ನೋಡದ ಹಾಗಾಯಿತು. ಜಿನ್ಜೆಂಡಾರ್ಫ್ ಮನೆ ಮನೆಗೆ ಹೋಗಿ ಮಾತಾಡಿದ. 1727ರ ಮೇ ತಿಂಗಳಲ್ಲಿ ಕೂಡಿ ಬಾಳುವ ಒಂದು ಕರಾರಿಗೆ ಎಲ್ಲರೂ ಒಪ್ಪಿದರು. ಆಗಸ್ಟ್ 13, ಬುಧವಾರ, ಪಕ್ಕದ ಊರಿನ ದೇವಾಲಯದಲ್ಲಿ ಒಟ್ಟಿಗೆ ಕರ್ತನ ಭೋಜನ ತೆಗೆದುಕೊಂಡರು. ಅಲ್ಲಿ ಅವರ ಮನಸ್ಸು ಕರಗಿತು. ಅತ್ತರು, ಅಪ್ಪಿಕೊಂಡರು.

ಎರಡು ವಾರ ಕಳೆದು, ಆಗಸ್ಟ್ 27ರಂದು, 24 ಗಂಡಸರು 24 ಹೆಂಗಸರು ಒಂದು ತೀರ್ಮಾನ ಮಾಡಿದರು. ದಿನದ ಒಂದೊಂದು ಗಂಟೆಯನ್ನು ಒಬ್ಬೊಬ್ಬರು ಹಂಚಿಕೊಂಡು, ತಾವಿದ್ದ ಜಾಗದಲ್ಲೇ ಪ್ರಾರ್ಥನೆ ಮಾಡುವುದು. ಯಜ್ಞವೇದಿಯ ಬೆಂಕಿ ಆರಬಾರದು ಅಂತ ಬೈಬಲಿನ ಯಾಜಕಕಾಂಡದಲ್ಲಿ ಇದೆಯಲ್ಲ, ಅದೇ ಅವರ ಮನಸ್ಸಲ್ಲಿದ್ದುದು. ಆ ಸರಪಳಿ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಮಕ್ಕಳಾಗಿದ್ದವರು ಮುದುಕರಾಗಿ ಸತ್ತರು, ಗಂಟೆ ಮಾತ್ರ ಕೈಯಿಂದ ಕೈಗೆ ಹೋಯಿತು.

ನಾವು ಪ್ರಾರ್ಥನೆಯಲ್ಲಿ ಬೆಂಕಿ ಅಂದರೆ ಜೋರು ದನಿ, ಕಣ್ಣೀರು, ಒಂದು ರಾತ್ರಿಯ ಕೂಟ ಅಂದುಕೊಳ್ಳುತ್ತೇವೆ. ಅವೂ ಬೇಕು, ನಾನು ಬೇಡ ಅನ್ನೋದಿಲ್ಲ. ಆದರೆ ಇಲ್ಲಿ ಅದನ್ನು ಉಳಿಸಿದ್ದು ಒಂದು ಪಟ್ಟಿ. ಯಾರು, ಯಾವ ಗಂಟೆ, ಯಾರ ಹೆಸರು. ನಮ್ಮ ಅಜ್ಜಿಯೂ ಇದನ್ನೇ ಮಾಡುತ್ತಿದ್ದುದು ಅಲ್ವಾ?

ಮಧ್ಯಾಹ್ನ ಮ್ಯೂಸಿಯಂಗೆ ಹೋಗಿ ಬಂದೆ. ದೂರ ದೇಶಗಳಿಗೆ ಹೋದ ಮಿಷನರಿಗಳು ಕಳಿಸಿದ ಸಾಮಾನುಗಳಿವೆ. 1732ರ ಆಗಸ್ಟ್ 21ರ ನಸುಕಿನಲ್ಲಿ ಒಬ್ಬ ಕುಂಬಾರ, ಒಬ್ಬ ಬಡಗಿ ಇಲ್ಲಿಂದ ಹೊರಟರು, ವೆಸ್ಟ್ ಇಂಡೀಸಿನ ಗುಲಾಮರ ಬಳಿಗೆ. ನಮ್ಮ ದೇಶದ ಲಡಾಖಿಗೂ ಇವರ ಜನ ಹೋಗಿದ್ದಾರೆ, ಲೇಹ್‌ನಲ್ಲಿ ಇವತ್ತಿಗೂ ಮೊರಾವಿಯನ್ ಸಭೆ ಇದೆ. ಇನ್ನೊಂದು ಸಂಗತಿ ಕೇಳಿ ಖುಷಿಯಾಯಿತು. 2024ರ ಜುಲೈನಲ್ಲಿ ಈ ಊರು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತೀರ್ಮಾನ ಆದದ್ದು ನಮ್ಮ ನವದೆಹಲಿಯ ಸಭೆಯಲ್ಲಿ.

ಆ ರಾತ್ರಿ ಮೂರು ಗಂಟೆಗೆ ಅಲಾರಾಂ ಇಟ್ಟೆ. ಒಂದು ಗಂಟೆ, ಪೂರ್ತಿ ಒಂದು ಗಂಟೆ, ಪ್ರಾರ್ಥನೆಯಲ್ಲಿ ಇದ್ದು ನೋಡೋಣ ಅಂತ.

ಕತ್ತಲು. ಮೊದಲ ಹತ್ತು ನಿಮಿಷಕ್ಕೇ ಮಾತು ಬರಿದಾಯಿತು. ಏನು ಮಾಡಲಿ ಅಂತ ತೋಚದೆ ಅಜ್ಜಿಯ ಪಟ್ಟಿಯನ್ನೇ ಹಿಡಿದೆ. ತೀರಿಹೋದವರನ್ನು ಬಿಟ್ಟು, ಅವರ ಮಕ್ಕಳು ಮೊಮ್ಮಕ್ಕಳನ್ನು ಸೇರಿಸಿಕೊಂಡು ಒಬ್ಬೊಬ್ಬರ ಹೆಸರೇ ಹೇಳುತ್ತಾ ಹೋದೆ. ನಮ್ಮ ಮನೆಯ ಸರದಿ ಬಂತು. ಗಂಡ, ಮಗಳು, ನಾದಿನಿ. ಆಮೇಲೆ ತಮ್ಮನ ಹೆಸರು ಬರಬೇಕು. ನಾಲಿಗೆ ನಿಂತಿತು.

ಆಗ ಗೊತ್ತಾಯಿತು. ಎರಡು ವರ್ಷದಿಂದ ನಾನು ಆ ಹೆಸರನ್ನು ಹಾರಿಸಿ ಮುಂದಕ್ಕೆ ಹೋಗುತ್ತಿದ್ದೆ. ದಿನಾ.

ಅಮ್ಮ ತೀರಿಕೊಂಡಾಗ ಅವನು ಬಂದದ್ದು ಒಂದು ದಿನ ತಡವಾಗಿ. ವಿಮಾನ ಸಿಗಲಿಲ್ಲ ಅಂದ. ಮೂರು ವರ್ಷ ಅಮ್ಮನನ್ನು ಎತ್ತಿ ಕೂರಿಸಿ ಮಲಗಿಸಿ ನೋಡಿಕೊಂಡವಳು ನಾನು. ನೆಂಟರೆಲ್ಲ ಕೂತಿದ್ದಾಗ, "ದುಡ್ಡು ಕಳಿಸಿದ ಮಾತ್ರಕ್ಕೆ ಮಗ ಆಗೋದಿಲ್ಲ" ಅಂದುಬಿಟ್ಟೆ. ಅವನು ತಿರುಗಿ ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ನಮ್ಮಿಬ್ಬರ ನಡುವೆ ಅಗತ್ಯಕ್ಕಷ್ಟೇ ಮಾತು. ನಾನು ತಪ್ಪು ಒಪ್ಪಿಕೊಳ್ಳಲಿಲ್ಲ, ಅವನು ಕೇಳಲಿಲ್ಲ.

ನಾಲ್ಕು ಗಂಟೆಯವರೆಗೂ ಆ ಒಂದು ಹೆಸರಿನ ಮುಂದೆಯೇ ಕೂತಿದ್ದೆ. ಬೇರೆ ಪ್ರಾರ್ಥನೆ ಬರಲಿಲ್ಲ.

ಮೂರನೇ ದಿನ, ಶನಿವಾರ

ತಮ್ಮ ಹತ್ತು ಗಂಟೆಗೆ ಕಾರಿನಲ್ಲಿ ಬಂದ. ಬುತ್ತಿಯಲ್ಲಿ ಚಿತ್ರಾನ್ನ ತಂದಿದ್ದ. "ನಾನೇ ಮಾಡಿದ್ದು ಅಕ್ಕ, ಕಡಲೆಬೀಜ ಜಾಸ್ತಿ ಹಾಕಿದ್ದೀನಿ" ಎಂದ. ಅಮ್ಮನೂ ಹಾಗೇ ಮಾಡುತ್ತಿದ್ದರು.

ಮೊದಲು ಗ್ರೋಸ್‌ಹೆನ್ನರ್ಸ್‌ಡಾರ್ಫ್ ಕಡೆ ಹೋದೆವು. ಕೆಲವೇ ಕಿಲೋಮೀಟರ್. ಜಿನ್ಜೆಂಡಾರ್ಫ್ ಬೆಳೆದದ್ದು ಅಲ್ಲಿ, ಅಜ್ಜಿಯ ಮನೆಯಲ್ಲಿ. ಅಪ್ಪ ಮಗು ಹುಟ್ಟಿದ ಕೆಲವೇ ವಾರದಲ್ಲಿ ತೀರಿಕೊಂಡಿದ್ದ. ತಾಯಿಯ ತಾಯಿಯೇ ಸಾಕಿದ್ದು. ಪುಟ್ಟ ಹುಡುಗನಾಗಿದ್ದಾಗ ಆತ ಯೇಸುವಿಗೆ ಕಾಗದ ಬರೆದು ಕಿಟಕಿಯಿಂದ ಹೊರಗೆ ಎಸೆಯುತ್ತಿದ್ದನಂತೆ, ಅವನು ಬಂದು ಎತ್ತಿಕೊಳ್ಳುತ್ತಾನೆ ಅಂತ. ಈ ಮಾತನ್ನು ತಮ್ಮನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಅಜ್ಜಿ ಚಾಪೆ ಕೆಳಗೆ ಚೀಟಿ ಇಡ್ತಿದ್ದೆ. ಲೆಕ್ಕದಲ್ಲಿ ಪಾಸ್ ಮಾಡ್ಸು ಅಂತ ದೇವರಿಗೆ ಹೇಳೋಕೆ" ಎಂದ. ನನಗೆ ಅದು ಗೊತ್ತೇ ಇರಲಿಲ್ಲ.

ಕಾರನ್ನು ಹೆರ್ನ್‌ಹುಟ್‌ನಲ್ಲೇ ನಿಲ್ಲಿಸಿ ಬೆರ್ಟೆಲ್ಸ್‌ಡಾರ್ಫ್‌ಗೆ ನಡೆದುಕೊಂಡು ಹೊರಟೆವು. 1727ರ ಆಗಸ್ಟ್ 13ರಂದು ಕರ್ತನ ಭೋಜನ ನಡೆದದ್ದು ಆ ಊರಿನ ದೇವಾಲಯದಲ್ಲಿ. ಎರಡು ಕಿಲೋಮೀಟರ್ ಆಸುಪಾಸು. ಅವತ್ತು ಜನ ಹೋಗುವ ದಾರಿಯಲ್ಲೇ ಒಬ್ಬರ ಹತ್ತಿರ ಒಬ್ಬರು ತಪ್ಪು ಹೇಳಿಕೊಳ್ಳಲು ಶುರು ಮಾಡಿದ್ದರಂತೆ. ಅಂದರೆ ಮನಸ್ಸು ಕರಗಿದ್ದು ಬರೀ ದೇವಾಲಯದ ಒಳಗಲ್ಲ. ಈ ಮಣ್ಣಿನ ಮೇಲೂ.

ಅರ್ಧ ದಾರಿ ನಡೆದಿರಬೇಕು. ಒಂದು ಕಡೆ ಹೊಲ, ಇನ್ನೊಂದು ಕಡೆ ಸೇಬಿನ ಮರ. ನನ್ನ ಗಂಟಲು ಒಣಗಿತ್ತು.

"ಅವತ್ತು ಎಲ್ಲರ ಮುಂದೆ ನಾನು ಆ ಮಾತು ಆಡಬಾರದಿತ್ತು ಕಣೋ" ಎಂದೆ.

ಅವನು ನಿಂತ. ನನ್ನ ಮುಖ ನೋಡಲಿಲ್ಲ, ಹೊಲ ನೋಡುತ್ತಿದ್ದ.

"ನೀನು ಹೇಳಿದ್ದು ನಿಜ ಅಂತ್ಲೇ ಅಂದ್ಕೊಂಡಿದ್ದೆ ಅಕ್ಕ. ಅದಕ್ಕೇ ಉತ್ತರ ಕೊಡಲಿಲ್ಲ" ಎಂದ.

"ನಿಜ ಅಲ್ಲ. ನನಗೆ ಸುಸ್ತಾಗಿತ್ತು. ನೀನು ಪಕ್ಕದಲ್ಲಿ ಇಲ್ಲ ಅಂತ ಸಿಟ್ಟಿತ್ತು. ಅಮ್ಮ ಕೊನೇ ದಿನದವರೆಗೂ ನಿನ್ನ ಹೆಸರು ಹೇಳ್ತಿದ್ರು. ಅದನ್ನೂ ನಿನಗೆ ಹೇಳಲಿಲ್ಲ ನಾನು. ತಪ್ಪಾಯಿತು."

ಅವನು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟ. ನಲವತ್ತು ದಾಟಿದ ಗಂಡಸು, ಚಿಕ್ಕ ಹುಡುಗನ ಹಾಗೆ ಅತ್ತ. ನಾನೂ ಪಕ್ಕದಲ್ಲಿ ಕೂತೆ. ಒಬ್ಬರು ಸೈಕಲ್ ಮೇಲೆ ಹೋದವರು ತಲೆಬಾಗಿ ನಮಸ್ಕಾರ ಹೇಳಿ ಮುಂದೆ ಹೋದರು. ಎಷ್ಟು ಹೊತ್ತು ಕೂತಿದ್ದೆವೋ ಗೊತ್ತಿಲ್ಲ.

ದೇವಾಲಯಕ್ಕೆ ಹೋದೆವು. ಕೂತು ಕಣ್ಣು ಮುಚ್ಚಿದೆ. ಮೊದಲು ಬಂದ ಹೆಸರು ತಮ್ಮನದು. ಹಾರಿಸಬೇಕಾಗಿರಲಿಲ್ಲ. ಅದರ ಹಿಂದೆಯೇ ಉಳಿದದ್ದೆಲ್ಲ ಬಂತು. ಅಮ್ಮನ ಸಾವಿಗೆ ನಾನು ಸರಿಯಾಗಿ ಅತ್ತೇ ಇರಲಿಲ್ಲ, ಅಲ್ಲಿ ಅತ್ತೆ. ನಮ್ಮ ಸಭೆಯ ಪಾದ್ರಿ ಅಯ್ಯನವರಿಗಾಗಿ, ಸಂಡೇ ಸ್ಕೂಲಿನ ಆ ತುಂಟ ಹುಡುಗನಿಗಾಗಿ, ಬೀದಿಯ ಕೊನೆಯಲ್ಲಿ ಒಬ್ಬರೇ ಇರುವ ಆಂಟಿಗಾಗಿ ಪ್ರಾರ್ಥಿಸಿದೆ. ನನಗೇ ತಿಳಿಯದೆ "ಅಪ್ಪಾ" ಅಂತ ಶುರು ಮಾಡಿದ್ದೆ, ಅಜ್ಜಿಯ ಹಾಗೆ. ಎದ್ದಾಗ ಮೊಣಕಾಲು ಜೋಮು ಹಿಡಿದಿತ್ತು.

ಯಾಜಕಕಾಂಡದ ಆ ಆರನೇ ಅಧ್ಯಾಯವನ್ನು ರಾತ್ರಿ ಮತ್ತೆ ಓದಿದೆ. ಬೆಂಕಿ ಆರಬಾರದು ಎಂಬ ಮಾತು ಎಲ್ಲರಿಗೂ ನೆನಪಿರುತ್ತದೆ. ಅದಕ್ಕೂ ಮೊದಲು ಇನ್ನೊಂದು ಕೆಲಸ ಹೇಳಿದೆ. ಯಾಜಕನು ಬೆಳಿಗ್ಗೆ ಎದ್ದು ವೇದಿಯ ಮೇಲಿನ ಬೂದಿಯನ್ನು ತೆಗೆಯಬೇಕು. ಪಾಳೆಯದ ಹೊರಗೆ ಒಯ್ದು ಹಾಕಬೇಕು. ಸೌದೆ ಇಡುವುದು ಆಮೇಲೆ. ಅಜ್ಜಿ ಒಲೆ ಮುಂದೆ ಕೂತು ಮೊದಲು ಮಾಡುತ್ತಿದ್ದುದೂ ಬೂದಿ ಕೆದಕುವ ಕೆಲಸವೇ. ಎರಡು ವರ್ಷ ನಾನು ಬೂದಿಯ ಮೇಲೇ ಊದುತ್ತಿದ್ದೆ.

ಸಂಜೆ ಹಾಡಿನ ಕೂಟಕ್ಕೆ ಹೋದದ್ದನ್ನು ಹೇಳಲು ಮರೆತೆ. ಅದಕ್ಕೆ ಸಿಂಗ್‌ಸ್ಟುಂಡೆ ಅನ್ನುತ್ತಾರೆ, ಹಾಡಿನ ಗಂಟೆ ಅಂತ. ಪ್ರಸಂಗ, ಅಂದರೆ ಉಪದೇಶ, ಇಲ್ಲ. ಬೇರೆ ಬೇರೆ ಹಾಡಿನಿಂದ ಒಂದೊಂದು ಚರಣ ಆರಿಸಿ, ಹೂ ಕಟ್ಟಿದ ಹಾಗೆ ಒಂದರ ಹಿಂದೆ ಒಂದು ಹಾಡುತ್ತಾರೆ. ಹಾಡೇ ಪ್ರಸಂಗ. ಜಿನ್ಜೆಂಡಾರ್ಫ್ ಕಾಲದಿಂದ ಬಂದ ಪದ್ಧತಿ. ಒಂದು ರಾಗ ನನಗೆ ಗೊತ್ತಿತ್ತು. ನಮ್ಮ ಸಂಗೀತ ಪುಸ್ತಕದಲ್ಲೂ ಇದೆ. ಅವರು ಜರ್ಮನ್‌ನಲ್ಲಿ, ನಾನು ಕನ್ನಡದಲ್ಲಿ ಮೆಲ್ಲಗೆ. ತಮ್ಮ ಕೂಡ ಸೇರಿಸಿದ, ಕೆಳಗಿನ ದನಿಯಲ್ಲಿ. ಇಬ್ಬರೂ ಜೊತೆಗೆ ಹಾಡಿ ಎಷ್ಟು ವರ್ಷ ಆಗಿತ್ತೋ.

ನಾಲ್ಕನೇ ದಿನ, ಭಾನುವಾರ

ಇವರ ದೇವಾಲಯವನ್ನು ಸಭಾ ಮಂಟಪ ಅಂದರೇ ಸರಿ. ಒಳಗೆಲ್ಲ ಬಿಳಿ. ಬಿಳಿ ಗೋಡೆ, ಬಿಳಿ ಬೆಂಚು. ದೊಡ್ಡ ವೇದಿ ಇಲ್ಲ, ಎತ್ತರದ ಪ್ರಸಂಗ ಪೀಠ ಇಲ್ಲ. ಮುಂದೆ ಒಂದು ಮೇಜು. ಹಳೆಯ ಕಟ್ಟಡ 1945ರ ಮೇ ತಿಂಗಳಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ ಸುಟ್ಟುಹೋಗಿತ್ತು. ಆಮೇಲೆ ಮತ್ತೆ ಕಟ್ಟಿದ್ದು.

ಆರಾಧನೆಯಲ್ಲಿ ಆ ದಿನದ ವಾಕ್ಯ ಓದಿದರು. ಅದಕ್ಕೆ ಲೋಸುಂಗ್ ಅನ್ನುತ್ತಾರೆ. 1728ರ ಮೇ 3ರ ಸಂಜೆ ಜಿನ್ಜೆಂಡಾರ್ಫ್ ಮರುದಿನಕ್ಕೆ ಅಂತ ಒಂದು ವಾಕ್ಯ ಕೊಟ್ಟ. ಅದನ್ನು ಮನೆಮನೆಗೆ ಹೋಗಿ ಹೇಳಿ ಬರುತ್ತಿದ್ದರು. 1731ರಿಂದ ಅದು ಪುಸ್ತಕವಾಗಿ ಬರುತ್ತಿದೆ, ಒಂದು ವರ್ಷವೂ ನಿಂತಿಲ್ಲ. ಈಗ 50ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಹಳೇ ಒಡಂಬಡಿಕೆಯ ವಾಕ್ಯಗಳನ್ನು ಇವತ್ತಿಗೂ ಇದೇ ಊರಲ್ಲಿ ಚೀಟಿ ಎತ್ತಿ ಆರಿಸುತ್ತಾರೆ.

ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿಯ ಕೈಯಲ್ಲಿ ಆ ಪುಟ್ಟ ಪುಸ್ತಕ ಇತ್ತು. ಅಂಚಿನಲ್ಲೆಲ್ಲ ಪೆನ್ಸಿಲ್ ಬರಹ. ಆರಾಧನೆ ಮುಗಿದ ಮೇಲೆ ತಮ್ಮನ ಮೂಲಕ ಕೇಳಿದೆ, ಏನು ಬರೆದಿದ್ದೀರಿ ಅಂತ. ಹೆಸರುಗಳು ಅಂದರು. ಆ ದಿನ ಯಾರಿಗಾಗಿ ಪ್ರಾರ್ಥಿಸಿದರೋ ಅವರ ಹೆಸರು. ಕೆಲವು ದಿನ ಏನೂ ಅನ್ನಿಸುವುದಿಲ್ಲ, ಆಗಲೂ ಬರೀತೀನಿ ಅಂದರು. ನನ್ನ ಹೆಸರು ಕೇಳಿ, ಆ ಭಾನುವಾರದ ಅಂಚಿನಲ್ಲಿ ಬರೆದುಕೊಂಡರು. ಅವರ ಕೈ ನಡುಗುತ್ತಿತ್ತು. ನಾನು ಆ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ.

ಐದನೇ ದಿನ, ಸೋಮವಾರ

ಬೆಳಿಗ್ಗೆ ಮತ್ತೊಮ್ಮೆ ದೇವರ ಹೊಲಕ್ಕೆ ಹೋಗಿ ಬಂದೆವು. ಒಂದು ಕಾಗದದ ನಕ್ಷತ್ರ ಕೊಂಡೆ, ಮೈತುಂಬ ಮೊನೆಗಳಿರುವ ಇಲ್ಲಿನ ಹೆಸರಾದ ನಕ್ಷತ್ರ. ಕ್ರಿಸ್ಮಸ್‌ಗೆ ಮೈಸೂರಿನ ಮನೆ ಮುಂದೆ ಕಟ್ಟಲು. ಕಾರು ಹೊರಟಿತು.

ದಾರಿಯಲ್ಲಿ ತಮ್ಮನೇ ಮಾತು ತೆಗೆದ. "ನಾವೂ ಒಂದೊಂದು ಗಂಟೆ ಇಟ್ಕೊಳ್ಳೋಣ್ವಾ ಅಕ್ಕ?"

"ಗಂಟೆ ಆಗುತ್ತೇನೋ ನಿನಗೆ? ಕೆಲಸ ಇರುತ್ತೆ."

"ಅರ್ಧ ಗಂಟೆ. ಬೆಳಿಗ್ಗೆ ಆರಕ್ಕೆ. ಮಕ್ಕಳು ಏಳೋದಕ್ಕೆ ಮುಂಚೆ."

ನಾನು ಅಜ್ಜಿಯ ನಾಲ್ಕೂವರೆ ತೆಗೆದುಕೊಂಡೆ. ಯಾರು ಯಾರ ಹೆಸರು ಅಂತ ಹಂಚಿಕೊಂಡೆವು. ಹೋಟೆಲಿನ ಬಿಲ್ಲಿನ ಹಿಂದೆ ಬರೆದೆವು. ಅವನದೊಂದು ಪ್ರತಿ, ನನ್ನದೊಂದು ಪ್ರತಿ. ಅವನ ಪಟ್ಟಿಯಲ್ಲಿ ಮೊದಲು ನನ್ನ ಹೆಸರು ಬರೆದ.

ಈಗ ಮೈಸೂರಿಗೆ ಬಂದು ಮೂರು ವಾರ ಆಯಿತು. ಎಲ್ಲ ದಿನವೂ ಕಣ್ಣೀರು ಬರುವುದಿಲ್ಲ. ಎರಡು ದಿನ ಅಲಾರಾಂ ಆರಿಸಿ ಮಲಗಿಬಿಟ್ಟೆ. ಉಳಿದ ದಿನ ಎದ್ದಿದ್ದೇನೆ. ಹೋದ ಭಾನುವಾರ ಕರ್ತನ ಭೋಜನದ ರೊಟ್ಟಿ ಕೈಗೆ ಬಂದಾಗ ಕೈ ಬಿಸಿಯಾಗಿತ್ತು, ನನ್ನದೇ ಬಿಸಿ.

ಅಲ್ಲಿ ಬೆಳಗಿನ ಆರು ಅಂದರೆ ಇಲ್ಲಿ ಒಂಬತ್ತೂವರೆ. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿರುತ್ತೇನೆ. ಗಡಿಯಾರ ನೋಡಿದರೆ ಗೊತ್ತಾಗುತ್ತದೆ, ಈಗ ಅವನು ನನ್ನ ಹೆಸರು ಹೇಳುತ್ತಿದ್ದಾನೆ. ಕೈಯಲ್ಲಿ ನೀರು ಹಾಗೇ ಇರುತ್ತದೆ, ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ.